ತಪ್ಪು ಒಪ್ಪಿಕೊಂಡ ಮಗುವಿಗೆ ಮುಂದೇನು? ಪ್ರಾಥಮಿಕ ಶಾಲೆಯಲ್ಲಿ ಹೊಣೆಗಾರಿಕೆ ಕಲಿಸುವ ಬಗೆ

ತರಗತಿಯಲ್ಲಿ ಏನೋ ಬಿದ್ದ ಸದ್ದಾಗಿ ನೀವು ತಿರುಗಿ ನೋಡಿದರೆ ಮೊದಲು ಕಿವಿಗೆ ಬೀಳುವುದು ‘ನಾನಲ್ಲ ಮಿಸ್’. ಅದರ ಬೆನ್ನಿಗೇ ‘ಅವನೇ ಮೊದ್ಲು ತಳ್ಳಿದ್ದು ಮಿಸ್’. ಈ ಎರಡು ಮಾತು ಕೇಳದ ಪ್ರಾಥಮಿಕ ಶಾಲೆಯ ಶಿಕ್ಷಕರಿಲ್ಲ. ಇದನ್ನು ಸುಳ್ಳು ಹೇಳುವ ಚಾಳಿ ಎಂದುಕೊಂಡು ಗದರುತ್ತೇವೆ. ಮಗುವಿನ ಜಾಗದಲ್ಲಿ ನಿಂತು ನೋಡಿ. ‘ನಾನೇ’ ಎಂದರೆ ಏನಾಗುತ್ತದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು: ಬೈಗುಳ, ಎಲ್ಲರ ಮುಂದೆ ನಿಲ್ಲಿಸುವುದು, ಸಂಜೆಯೊಳಗೆ ಮನೆಗೆ ಸುದ್ದಿ. ‘ನಾನಲ್ಲ’ ಎಂದರೆ ತಪ್ಪಿಸಿಕೊಳ್ಳುವ ದಾರಿಯಾದರೂ ಒಂದಿದೆ.

ತಪ್ಪು ಒಪ್ಪಿಕೊಂಡ ಮೇಲೆ ಮಾಡಲು ಒಂದು ಕೆಲಸವಿದೆ, ಅದನ್ನು ಮಾಡಿ ಮುಗಿಸಿದರೆ ತಾನು ಮತ್ತೆ ಎಲ್ಲರಂತೆ ಎಂದು ಗೊತ್ತಾದ ಮಗು ನಿಧಾನವಾಗಿ ‘ನಾನೇ’ ಎನ್ನಲು ಕಲಿಯುತ್ತದೆ. ಮುಂದೆ ಬರೆದಿರುವುದೆಲ್ಲ ಆ ಕೆಲಸವನ್ನು ಹೇಗೆ ಹುಡುಕಿಕೊಡುವುದು ಎಂಬುದರ ಬಗ್ಗೆಯೇ. ಒಂದರಿಂದ ಐದನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಶಿಕ್ಷಕರಿಗೆ ಹೆಚ್ಚು, ಪೋಷಕರಿಗೂ ಸ್ವಲ್ಪ.

ಮೊದಲು ವಯಸ್ಸು ನೋಡಿ

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಪಿಯಾಜೆ ಮಕ್ಕಳಿಗೆ ಒಂದು ಜೋಡಿ ಕಥೆ ಹೇಳಿ ಪ್ರಶ್ನೆ ಕೇಳುತ್ತಿದ್ದರು. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ. ಬಾಗಿಲ ಹಿಂದೆ ಕಪ್ಪುಗಳಿರುವುದು ಅವನಿಗೆ ಗೊತ್ತಿಲ್ಲ; 15 ಕಪ್ಪುಗಳು ಒಡೆಯುತ್ತವೆ. ಇನ್ನೊಬ್ಬ, ಅಮ್ಮ ಮನೆಯಲ್ಲಿಲ್ಲದಾಗ ಮೇಲಿಟ್ಟ ಜಾಮ್ ತೆಗೆಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ಯಾರದು ದೊಡ್ಡ ತಪ್ಪು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಕಪ್ಪು ಒಡೆದವನದು ಎಂದರು. ದೊಡ್ಡ ಮಕ್ಕಳು ಉದ್ದೇಶವನ್ನು ನೋಡಿದರು. 1932ರಲ್ಲಿ ಪಿಯಾಜೆ ಇದನ್ನು ಪ್ರಕಟಿಸಿದರು. ನಿಮ್ಮ ಒಂದನೇ ತರಗತಿಯಲ್ಲಿ ಕಪ್ಪಿನ ಬದಲು ಮೊಟ್ಟೆ ಇಟ್ಟು ಈ ಕಥೆ ಹೇಳಿ ನೋಡಿ, ಮಕ್ಕಳ ವಾದ ಕೇಳುವುದೇ ಒಂದು ಖುಷಿ.

ಇದರಿಂದ ನಮಗೆ ಬೇಕಾದದ್ದು ಇಷ್ಟು. ಒಂದು ಮತ್ತು ಎರಡನೇ ತರಗತಿಯ ಮಗುವಿನ ಹತ್ತಿರ ‘ಯಾಕೆ ಹೀಗೆ ಮಾಡಿದೆ?’ ಎಂದು ಪಟ್ಟು ಹಿಡಿದು ಕೇಳಬೇಡಿ. ಅದಕ್ಕೆ ಯಾಕೆಂದು ಗೊತ್ತಿರುವುದಿಲ್ಲ. ಏನಾಯಿತು, ಈಗ ಏನು ಮಾಡೋಣ, ಅಷ್ಟು ಸಾಕು. ಮೂರನೇ ತರಗತಿಯಿಂದ ಮುಂದೆ ‘ಬೇಕು ಅಂತ ಮಾಡಿದೆಯಾ, ಕೈ ತಪ್ಪಿ ಆಯ್ತಾ?’ ಎಂದು ಕೇಳಬಹುದು. ಕೈ ತಪ್ಪಿ ಆದದ್ದಕ್ಕೂ ಸರಿಮಾಡುವ ಕೆಲಸ ಇದೆ ಎಂಬುದನ್ನು ಆ ವಯಸ್ಸಿನಲ್ಲಿ ಅವರು ಅರ್ಥ ಮಾಡಿಕೊಳ್ಳುತ್ತಾರೆ.

ನಿಜ ಹೇಳಲು ಹೆದರದಂಥ ತರಗತಿ

ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಸಂಶೋಧಕರು ಪಶ್ಚಿಮ ಆಫ್ರಿಕದ ಎರಡು ಶಾಲೆಗಳಲ್ಲಿ 3-4 ವರ್ಷದ ಮಕ್ಕಳ ಜೊತೆ ಒಂದು ಆಟ ಆಡಿಸಿದರು. ಮಗುವಿನ ಬೆನ್ನ ಹಿಂದೆ ಆಟಿಕೆ ಇಟ್ಟು, ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋಗುವುದು. ಎರಡೂ ಶಾಲೆಯಲ್ಲಿ ಹೆಚ್ಚಿನ ಮಕ್ಕಳು ತಿರುಗಿ ನೋಡಿದರು. ಆ ವಯಸ್ಸಿನಲ್ಲಿ ನೋಡದೆ ಇರುವುದು ಕಷ್ಟ. ಆಮೇಲೆ ‘ನೋಡಿದೆಯಾ?’ ಎಂದು ಕೇಳಿದಾಗ ವ್ಯತ್ಯಾಸ ಕಂಡಿತು. ಹೊಡೆಯದ ಶಾಲೆಯಲ್ಲಿ, ನೋಡಿದ ಮಕ್ಕಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಸುಳ್ಳು ಹೇಳಿದರು. ಬೆತ್ತ, ಏಟು, ಚಿವುಟು ಎಲ್ಲ ಇದ್ದ ಶಾಲೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳಿದರು. ಆ ಸುಳ್ಳನ್ನು ಸಿಕ್ಕಿಬೀಳದಂತೆ ನಿಭಾಯಿಸುವುದರಲ್ಲೂ ಅವರೇ ಮುಂದು. 2011ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಪ್ರತಿ ಶಾಲೆಯ ಶಿಕ್ಷಕರ ಸಭೆಯಲ್ಲಿ ಒಮ್ಮೆ ಓದಬೇಕು ಅನ್ನಿಸುತ್ತದೆ ನನಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ‘ಕೋಲು ಬಿಟ್ಟ ಮೇಲೆ ಮಕ್ಕಳಿಗೆ ಭಯವೇ ಇಲ್ಲ’ ಎಂದು ಗೊಣಗುವವರು ಇನ್ನೂ ಇದ್ದಾರೆ. ಭಯದಿಂದ ಮಕ್ಕಳು ಕಲಿತದ್ದು ಸಿಕ್ಕಿಬೀಳದ ಉಪಾಯವನ್ನು.

ಇದಕ್ಕೆ ನೀವು ನಾಳೆಯಿಂದಲೇ ಮಾಡಬಹುದಾದ ಮೂರು ಬದಲಾವಣೆ ಹೇಳುತ್ತೇನೆ.

ಯಾರು ಮಾಡಿದ್ದೆಂದು ನಿಮಗೆ ಗೊತ್ತಿದ್ದರೆ ‘ಯಾರು ಮಾಡಿದ್ದು?’ ಎಂದು ಕೇಳಬೇಡಿ. ಅದು ಮಗುವನ್ನು ಸುಳ್ಳಿಗೆ ತಳ್ಳುವ ಪ್ರಶ್ನೆ. ‘ನೀರು ಚೆಲ್ಲಿದ್ದು ನೋಡಿದೆ, ಬಾ, ಏನು ಮಾಡೋಣ ಹೇಳು’ ಎಂದು ನೇರವಾಗಿ ಕರೆಯಿರಿ.

ಗೊತ್ತಿಲ್ಲದಿದ್ದರೆ ಇಡೀ ತರಗತಿಯನ್ನು ನಿಲ್ಲಿಸಿ ವಿಚಾರಣೆ ಮಾಡಬೇಡಿ. ‘ಯಾರಿಂದ ಆಯಿತೋ ಅವರು ಊಟದ ಬಿಡುವಿನೊಳಗೆ ನನ್ನ ಹತ್ತಿರ ಬಂದು ಹೇಳಿ, ಸರಿ ಮಾಡೋಣ’ ಎಂದು ಹೇಳಿ ಪಾಠ ಮುಂದುವರಿಸಿ. ಮೊದಲ ಸಲ ಯಾರೂ ಬರಲಿಕ್ಕಿಲ್ಲ. ಬಂದ ಮೊದಲ ಮಗುವನ್ನು ನೀವು ಹೇಗೆ ನಡೆಸಿಕೊಂಡಿರಿ ಎಂಬುದು ಅರ್ಧ ಗಂಟೆಯಲ್ಲಿ ತರಗತಿಗೆಲ್ಲ ಗೊತ್ತಾಗುತ್ತದೆ. ಬಾಯಲ್ಲಿ ಹೇಳಲಾಗದವರು ಚೀಟಿ ಬರೆದು ಮೇಜಿನ ಮೇಲಿಡಬಹುದು ಎಂದೂ ಹೇಳಿಡಿ. ಗಾಂಧೀಜಿ 15ನೇ ವಯಸ್ಸಿನಲ್ಲಿ ಅಣ್ಣನ ಕಡಗದ ಚಿನ್ನದ ಚೂರು ಕದ್ದಾಗ ಅಪ್ಪನಿಗೆ ಬಾಯಿ ಬಿಟ್ಟು ಹೇಳಲಾಗದೆ ಚೀಟಿಯನ್ನೇ ಬರೆದು ಕೊಟ್ಟರು, ಶಿಕ್ಷೆಯನ್ನೂ ತಾವೇ ಕೇಳಿದರು. ಕಾಯಿಲೆ ಮಲಗಿದ್ದ ಅಪ್ಪ ಎದ್ದು ಕೂತು ಓದಿ, ಕಣ್ಣೀರು ಹಾಕಿ, ಚೀಟಿ ಹರಿದುಹಾಕಿದರು. ಅಕ್ಟೋಬರ್ 2ರ ಭಾಷಣದಲ್ಲಿ ಉಪ್ಪಿನ ಸತ್ಯಾಗ್ರಹದ ಜೊತೆ ಇದನ್ನೂ ಮಕ್ಕಳಿಗೆ ಹೇಳಿ, ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಾರೆ.

ಇಂಥ ಕಥೆ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. 2014ರಲ್ಲಿ ಲೀ, ತಲ್ವಾರ್ ಮತ್ತು ಸಂಗಡಿಗರು 3ರಿಂದ 7 ವರ್ಷದ ಮಕ್ಕಳಿಗೆ ಕಥೆಗಳನ್ನು ಓದಿ ಹೇಳಿ ಯಾವ ಕಥೆ ನಿಜ ಹೇಳಿಸುತ್ತದೆ ಎಂದು ಪರೀಕ್ಷಿಸಿದರು. ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿ ಕೆಟ್ಟ ಹುಡುಗನ ಕಥೆ ಕೇಳಿದ ಮಕ್ಕಳಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ಅಪ್ಪನಿಂದ ಶಹಬ್ಬಾಸ್ ಅನ್ನಿಸಿಕೊಂಡ ಹುಡುಗನ ಕಥೆ ಕೇಳಿದವರು ಹೆಚ್ಚು ನಿಜ ಹೇಳಿದರು. ಸುಳ್ಳುಗಾರನಿಗೆ ಶಿಕ್ಷೆಯಾಗುವ ಕಥೆ ನಮ್ಮ ಹತ್ತಿರ ಬೇಕಾದಷ್ಟಿವೆ. ನಿಜ ಹೇಳಿ ಗೆದ್ದವರ ಕಥೆ ಹುಡುಕಿ ಹೇಳಿ.

ಮೂರನೆಯದು ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಶಿಕ್ಷಕರು ಹೊರಗೆ ಹೋದಾಗ ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ‘ಮಾತಾಡಿದವರು’ ಎಂದು ಹೆಸರು ಬರೆಯುವ ಪದ್ಧತಿಯನ್ನು ನಿಲ್ಲಿಸಿ. ಅದರಿಂದ ಒಂದು ಮಗು ಪೊಲೀಸ್ ಆಗುತ್ತದೆ, ಉಳಿದವರು ಆ ಮಗುವಿಗೆ ಪೆನ್ಸಿಲ್, ಚಾಕಲೇಟು ಕೊಟ್ಟು ಹೆಸರು ಅಳಿಸಿಕೊಳ್ಳುತ್ತಾರೆ. ಎಲ್ಲರೂ ಬೇರೆಯವರ ತಪ್ಪು ನೋಡುವುದರಲ್ಲೇ ಪಳಗುತ್ತಾರೆ. ಬದಲಿಗೆ ನೀವು ಹೊರಡುವ ಮುನ್ನ ಕೆಲಸ ಕೊಟ್ಟು, ಬಂದ ಮೇಲೆ ‘ನಾನು ಎಷ್ಟು ಮಾಡಿದೆ’ ಎಂದು ಪ್ರತಿಯೊಬ್ಬರೂ ತಮ್ಮ ಪುಸ್ತಕದ ಅಂಚಿನಲ್ಲಿ ತಾವೇ ಗುರುತು ಹಾಕಲಿ.

ನಾಲ್ಕು ಪ್ರಶ್ನೆಗಳ ಮಾತುಕತೆ

ತಪ್ಪು ನಡೆದ ಮೇಲಿನ ಐದು ನಿಮಿಷವೇ ಇಡೀ ಕಲಿಕೆಯ ತಿರುಳು. ಆ ಮಾತುಕತೆ ಎಲ್ಲರೆದುರು ಬೇಡ. ಜಗಲಿಯಲ್ಲೋ ನಿಮ್ಮ ಮೇಜಿನ ಪಕ್ಕದಲ್ಲೋ, ಮಗುವಿನ ಎತ್ತರಕ್ಕೆ ಕೂತು ಆಡಿ. ಮಗು ಅಳುತ್ತಿದ್ದರೆ, ಸಿಟ್ಟಿನಲ್ಲಿದ್ದರೆ, ಮೊದಲು ಮುಖ ತೊಳೆದು ನೀರು ಕುಡಿದು ಬರಲಿ. ನಿಮಗೇ ಸಿಟ್ಟು ಬಂದಿದ್ದರೂ ಅಷ್ಟೇ.

ಪ್ರಶ್ನೆಗಳು ಇವು: ಏನಾಯಿತು? ಅದರಲ್ಲಿ ನೀನು ಮಾಡಿದ್ದೇನು? ಯಾರಿಗೆ ತೊಂದರೆಯಾಯಿತು? ಸರಿ ಮಾಡಲು ಏನು ಮಾಡಬಹುದು? ಹೀಗೆ ಬರೆದರೆ ಸುಲಭ ಎನ್ನಿಸುತ್ತದೆ. ನಡೆಯುವುದು ಹೀಗೆ. ನಾಲ್ಕನೇ ತರಗತಿಯ ಇಬ್ಬರು ಓದುವ ಮೂಲೆಯ ಒಂದು ಚಿತ್ರಪುಸ್ತಕಕ್ಕೆ ಕಿತ್ತಾಡಿ ಪುಟ ಹರಿದಿದ್ದಾರೆ ಎಂದುಕೊಳ್ಳಿ.

‘ಏನಾಯ್ತು?’

‘ಪುಟ ಹರ್ದೋಯ್ತು ಮಿಸ್.’

‘ಆಗ ನಿನ್ನ ಕೈ ಎಲ್ಲಿತ್ತು?’

‘ಪುಸ್ತಕದ ಮೇಲೆ. ಅವ್ನೂ ಹಿಡ್ಕೊಂಡಿದ್ದ ಮಿಸ್!’

‘ಅವನ ಹತ್ರ ಆಮೇಲೆ ಮಾತಾಡ್ತೀನಿ. ನೀನು ಮಾಡಿದ್ದಷ್ಟೇ ಹೇಳು.’

ಇಲ್ಲಿ ಮಗು ಸುಮ್ಮನಾಗುತ್ತದೆ. ನೀವೂ ಸುಮ್ಮನಿರಿ. ಈ ಮೌನವನ್ನು ತುಂಬುವ ಆತುರ ಬೇಡ. ನೀವೇ ಉತ್ತರ ಹೇಳಿ ‘ಹೌದು ತಾನೇ?’ ಎಂದರೆ ಮಗು ತಲೆಯಾಡಿಸಿ ಮುಗಿಸುತ್ತದೆ.

‘ಜೋರಾಗಿ ಎಳ್ದೆ.’

‘ಸರಿ, ಹೇಳಿದ್ಯಲ್ಲ, ಒಳ್ಳೇದಾಯ್ತು. ಇದ್ರಿಂದ ಯಾರಿಗೆ ತೊಂದ್ರೆ?’

‘ಗೊತ್ತಿಲ್ಲ.’

‘ನಾಳೆ ಈ ಪುಸ್ತಕ ಯಾರು ತಗೋತಾರೆ?’

‘ಎರಡನೇ ಕ್ಲಾಸಿನವ್ರು… ಅವ್ರಿಗೆ ಆನೆ ಪುಟ ಸಿಗಲ್ಲ.’

‘ಹಾಗಾದ್ರೆ ಏನ್ ಮಾಡೋಣ?’

‘ಅಂಟಿಸ್ಬೋದು. ಗೋಂದು ಇಲ್ಲ ಮಿಸ್.’

‘ಅಡುಗೆ ಆಂಟಿ ಹತ್ರ ನಾಕು ಅಗುಳು ಅನ್ನ ಕೇಳು.’

ಅನ್ನದ ಅಗುಳನ್ನು ಬೆರಳಲ್ಲಿ ಮಸೆದು, ಹರಿದ ಅಂಚಿಗೆ ಸವರಿ, ಹಿಂದೆ ಒಂದು ಬಿಳಿ ಹಾಳೆಯ ಪಟ್ಟಿ ಕೂರಿಸಿ, ಮೇಲೆ ದಪ್ಪ ಪುಸ್ತಕ ಹೇರಿ ಮಧ್ಯಾಹ್ನದವರೆಗೆ ಬಿಟ್ಟರೆ ಪುಟ ಕೂಡಿಕೊಳ್ಳುತ್ತದೆ. ಇಬ್ಬರೂ ಸೇರಿ ಮಾಡಲಿ. ಅಂಟಿಸಿದ ಗೆರೆ ಕಾಣುತ್ತದೆ, ಕಾಣಲಿ. ಎರಡನೇ ತರಗತಿಗೆ ಆ ಪುಸ್ತಕವನ್ನು ಅವರೇ ಕೊಂಡುಹೋಗಿ ಕೊಡಲಿ.

ಈ ಮಾತುಕತೆಯಲ್ಲಿ ‘ನೀನು ಯಾವಾಗಲೂ ಹೀಗೇ’, ‘ನಿಮ್ಮಣ್ಣನೂ ಹೀಗೇ ಇದ್ದ’, ‘ನಿಮ್ಮ ಮನೆಯಲ್ಲಿ ಇದನ್ನೇ ಕಲಿಸಿದ್ದಾ?’ ಎಂಬ ಮಾತುಗಳು ಬರಬಾರದು. ತಪ್ಪಿನ ಬಗ್ಗೆ ಮಾತಾಡುತ್ತಿದ್ದವರು ಮಗುವಿನ ಬಗ್ಗೆ ಮಾತಾಡಲು ಶುರುಮಾಡಿದ ಕೂಡಲೇ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ‘ಕಳ್ಳ’, ‘ಸುಳ್ಳುಗಾರ’ ಎಂಬ ಹೆಸರು ಒಮ್ಮೆ ಶಿಕ್ಷಕರ ಬಾಯಲ್ಲಿ ಬಂದರೆ ಆಟದ ಮೈದಾನದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಸರಿಮಾಡುವ ಕೆಲಸ ಹೇಗಿರಬೇಕು

ತಪ್ಪಿಗೂ ಕೆಲಸಕ್ಕೂ ನಂಟು ಇರಬೇಕು. ಗೋಡೆ ಮೇಲೆ ಗೀಚಿದ ಮಗು ಗೋಡೆ ಒರೆಸಲಿ. ‘ನಾನು ಗೋಡೆ ಮೇಲೆ ಬರೆಯುವುದಿಲ್ಲ’ ಎಂದು 100 ಸಲ ಬರೆಸಿದರೆ ಗೋಡೆಯೂ ಸ್ವಚ್ಛವಾಗುವುದಿಲ್ಲ, ಬರವಣಿಗೆಯ ಮೇಲೂ ಜಿಗುಪ್ಸೆ ಹುಟ್ಟುತ್ತದೆ. ಗೆಳತಿಯ ಪೆನ್ಸಿಲ್ ಮುರಿದ ಹುಡುಗಿ ತನ್ನ ಪೆನ್ಸಿಲ್ ಕೊಡಲಿ, ಇಲ್ಲವೇ ಮುರಿದದ್ದನ್ನು ಚೂಪು ಮಾಡಿಕೊಡಲಿ. ಆಟದಲ್ಲಿ ತಳ್ಳಿ ಮಂಡಿ ತರಚಿದ್ದರೆ ಗಾಯ ತೊಳೆಯಲು ನೀರು ತಂದುಕೊಟ್ಟು ಪಕ್ಕದಲ್ಲಿ ಕೂರಲಿ. ಗುಂಪಿನಿಂದ ಹೊರಗಿಟ್ಟ ಮಗುವನ್ನು ನಾಳೆಯ ಆಟಕ್ಕೆ ಮೊದಲು ಕರೆಯಲಿ. ಚಾಡಿ ಹೇಳಿ ಹೆಸರು ಕೆಡಿಸಿದ್ದರೆ ಯಾರಿಗೆ ಹೇಳಿದ್ದೋ ಅವರಿಗೇ ಹೋಗಿ ‘ನಾನು ಹೇಳಿದ್ದು ನಿಜ ಅಲ್ಲ’ ಎನ್ನಲಿ. ಇದು ಎಲ್ಲಕ್ಕಿಂತ ಕಷ್ಟದ್ದು, ನೀವು ಜೊತೆಗೆ ಹೋಗಬೇಕಾಗುತ್ತದೆ.

ಕೆಲಸ ಅದೇ ದಿನ ಮುಗಿಯುವಷ್ಟು ಚಿಕ್ಕದಿರಲಿ, ಮಗುವಿನ ಕೈಯಿಂದಲೇ ಆಗುವಂಥದ್ದಿರಲಿ. ಅಪ್ಪನಿಂದ ದುಡ್ಡು ತರಿಸಿದರೆ ಹೊಣೆ ಹೊತ್ತವನು ಅಪ್ಪ. ಅದೂ ಕೂಲಿಯ ಮನೆಯಾದರೆ ಮಗುವಿಗೆ ಸಿಗುವುದು ಏಟು.

‘ಸಾರಿ’ ಬಗ್ಗೆ ಎರಡು ಮಾತು. ‘ಸಾರಿ ಕೇಳು’ ಎಂದು ಒತ್ತಾಯಿಸಿದರೆ ಮಕ್ಕಳು ನೆಲ ನೋಡುತ್ತಾ ‘ಸಾರಿ’ ಎಸೆದು ಓಡುತ್ತಾರೆ. ಕೆಲಸ ಮೊದಲು ಆಗಲಿ, ಮಾತು ಆಮೇಲೆ ಬರಲಿ. ಬಂದಾಗ ಏನಕ್ಕೆ ಎಂಬುದು ಅದರಲ್ಲಿರಲಿ: ‘ನಿನ್ನ ಚಿತ್ರದ ಮೇಲೆ ನೀರು ಚೆಲ್ಲಿದೆ, ತಪ್ಪಾಯ್ತು, ಬಣ್ಣ ಹಾಕೋಕೆ ಸಹಾಯ ಮಾಡ್ತೀನಿ.’ ಎದುರಿನ ಮಗು ಕೂಡಲೇ ‘ಪರವಾಗಿಲ್ಲ’ ಎನ್ನಲೇಬೇಕೆಂದು ಕಟ್ಟಿಹಾಕಬೇಡಿ. ಅದರ ಬೇಸರ ಇಳಿಯಲು ಸಮಯ ಬೇಕು.

ದಿನದಿನದ ಜವಾಬ್ದಾರಿ

ತಪ್ಪಾದಾಗ ಮಾತ್ರ ಹೊಣೆಯ ಮಾತೆತ್ತಿದರೆ ಮಕ್ಕಳಿಗೆ ಹೊಣೆ ಎಂದರೆ ದಂಡ ಎನ್ನಿಸುತ್ತದೆ. ಪ್ರತಿ ಮಗುವಿಗೂ ತಾನು ಮಾಡದಿದ್ದರೆ ನಿಂತುಹೋಗುವ ಒಂದು ಕೆಲಸ ಬೇಕು. ಕೈತೋಟದ ನುಗ್ಗೆ, ಕರಿಬೇವಿನ ಗಿಡಕ್ಕೆ ನೀರು, ಬಿಸಿಯೂಟಕ್ಕೆ ಮುಂಚೆ ಕೈತೊಳೆಯುವ ಕಡೆ ಸೋಪು ಇಡುವುದು, ನಲ್ಲಿ ನಿಲ್ಲಿಸಿದೆಯೇ ನೋಡುವುದು, ಓದುವ ಮೂಲೆಯ ಪುಸ್ತಕದ ಲೆಕ್ಕ, ಸಂಜೆ ಕಿಟಕಿ ಹಾಕುವುದು. ಹಾಳೆಯ ಮೇಲೆ ವಾರದ ಪಟ್ಟಿ ಬರೆದು ಅಂಟಿಸಿ, ಸೋಮವಾರ ಸರದಿ ಬದಲಿಸಿ. ಮಗು ಮರೆತರೆ ನೀವು ಮಾಡಿಬಿಡಬೇಡಿ, ಬೇರೆ ಮಗುವಿಗೂ ವಹಿಸಬೇಡಿ. ಬಾಡಿದ ಗಿಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಸಂಜೆ ನೀರು ಹಾಕಿ ಬೆಳಿಗ್ಗೆ ಅದು ಚೇತರಿಸಿಕೊಂಡದ್ದನ್ನು ಆ ಮಗುವೇ ನೋಡಲಿ.

ಇಲ್ಲಿ ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ಕಸ ಗುಡಿಸುವುದು ಹುಡುಗಿಯರಿಗೆ, ಬೆಂಚು ಎತ್ತುವುದು ಹುಡುಗರಿಗೆ. ನೀರು ತುಂಬುವುದು ಕೆಲವು ಮನೆಯ ಮಕ್ಕಳಿಗೆ ಮಾತ್ರ, ಹೊರಗಿನ ಗಲೀಜು ಇನ್ನು ಕೆಲವರಿಗೆ. ಇಂಥ ಹಂಚಿಕೆ ಯಾರೂ ಹೇಳದೆಯೂ ಶಾಲೆಯೊಳಗೆ ನುಸುಳಿರುತ್ತದೆ. ಸರದಿ ಪಟ್ಟಿ ಬೇಕಾಗಿರುವುದು ಇದನ್ನು ಮುರಿಯುವುದಕ್ಕೂ. ಎಲ್ಲ ಕೆಲಸವೂ ಎಲ್ಲರ ಪಾಲಿಗೆ ಬರಲಿ, ಶಿಕ್ಷಕರ ಹೆಸರೂ ಪಟ್ಟಿಯಲ್ಲಿರಲಿ. ಮಕ್ಕಳಿಂದ ಶೌಚಾಲಯ ತೊಳೆಸುವುದನ್ನು ಶಿಕ್ಷಣ ಇಲಾಖೆ ನಿಷೇಧಿಸಿದೆ. ಅದು ಸರದಿಯಲ್ಲೂ ಬರಕೂಡದು. ಗುಡಿಸುವ ಕೆಲಸವನ್ನು ಶಿಕ್ಷೆಯಾಗಿಯಂತೂ ಕೊಡಲೇಬೇಡಿ. ಇವತ್ತು ತಪ್ಪಿಗೆ ದಂಡವಾಗಿ ಗುಡಿಸಿದ ಮಗು, ದಿನಾ ಗುಡಿಸುವವರನ್ನು ನಾಳೆ ಕೀಳಾಗಿ ನೋಡುತ್ತದೆ.

ಓದಿನಲ್ಲೂ ಇದೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಮಗು ತಾನು ಎಲ್ಲಿದ್ದೇನೆಂದು ನೋಡಿಕೊಂಡು ತನ್ನ ಮುಂದಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಒಂದನೇ ತರಗತಿಯ ಮಗು ಅಷ್ಟು ಮಾಡುತ್ತದೆ. ಅದೇ ಮಗು ನಾಲ್ಕಕ್ಕೆ ಬಂದಾಗ ‘ಯಾವ ಪುಟ ಮಿಸ್, ಮಾರ್ಜಿನ್ ಹಾಕ್ಬೇಕಾ ಮಿಸ್’ ಎಂದು ಎಲ್ಲಕ್ಕೂ ಕೇಳುತ್ತಾ ನಿಂತಿದ್ದರೆ ನಡುವೆ ನಾವೇನೋ ಕಿತ್ತುಕೊಂಡಿದ್ದೇವೆ. ವಾರಕ್ಕೊಮ್ಮೆ ತನ್ನ ಪುಸ್ತಕವನ್ನು ತಾನೇ ತಿದ್ದಿಕೊಳ್ಳುವ ಒಂದು ಅವಧಿ ಇಡಿ. ಐದನೇ ತರಗತಿಯವರಿಗೆ ಶಾಲಾ ಸಂಸತ್ತಿನಲ್ಲಿ ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ ಎಂಬ ಹುದ್ದೆ ಕೊಟ್ಟರೆ ಸಾಲದು. ತಿಂಗಳಿಗೊಮ್ಮೆ ಎಲ್ಲರ ಮುಂದೆ ನಿಂತು ಏನಾಯಿತು, ಏನಾಗಲಿಲ್ಲ ಎಂದು ಅವರು ವರದಿ ಹೇಳಬೇಕು.

ಮನೆಯವರ ಜೊತೆ

ಮಗು ಎಡವಿ ಬಿದ್ದಾಗ ಅಜ್ಜಿ ನೆಲಕ್ಕೆ ಹೊಡೆದು ‘ಕೆಟ್ಟ ನೆಲ, ನನ್ನ ಕಂದನ್ನ ಬೀಳಿಸ್ತಾ’ ಎಂದು ಸಮಾಧಾನ ಮಾಡುವುದು ಎಲ್ಲರ ಮನೆಯಲ್ಲೂ ಇದೆ. ಎರಡು ವರ್ಷದ ಕೂಸಿಗೆ ಅದು ಪ್ರೀತಿ. ಎಂಟು ವರ್ಷದವನು ಲೆಕ್ಕ ತಪ್ಪಿದಾಗಲೂ ‘ಮೇಷ್ಟ್ರು ಸರಿಯಾಗಿ ಹೇಳಿಕೊಟ್ಟಿಲ್ಲ’ ಎಂದು ಮನೆಯವರೇ ಶುರುಮಾಡಿದರೆ ಅವನಿಗೆ ಸದಾ ಒಂದು ಕೆಟ್ಟ ನೆಲ ಬೇಕಾಗುತ್ತದೆ.

ಪೋಷಕರ ಸಭೆಯಲ್ಲಿ ಕೇಳಿಕೊಳ್ಳಬೇಕಾದ ಸಂಗತಿಗಳು ಕೆಲವೇ. ಬ್ಯಾಗನ್ನು ರಾತ್ರಿ ಮಗುವೇ ತುಂಬಿಕೊಳ್ಳಲಿ. ಪುಸ್ತಕ ಮರೆತುಹೋದರೆ ಸ್ಕೂಟರ್ ಹತ್ತಿ ತಂದುಕೊಡಬೇಡಿ. ಆ ಒಂದು ದಿನ ಪಕ್ಕದವನ ಪುಸ್ತಕ ನೋಡಿ ಓದುತ್ತದೆ, ಮರುದಿನ ಮರೆಯುವುದಿಲ್ಲ. ಕನ್ನಡಕ, ಔಷಧಿ ಮರೆತರೆ ಮಾತ್ರ ತಂದುಕೊಡಿ. ಪ್ರಾಜೆಕ್ಟ್ ಎಂದು ಅಂಗಡಿಯಿಂದ ಚಾರ್ಟ್ ಬರೆಸಿ ತರಬೇಡಿ, ಮಗು ಬರೆದ ಸೊಟ್ಟ ಚಾರ್ಟನ್ನೇ ಗೋಡೆಗೆ ಹಾಕುತ್ತೇವೆ. ಈ ಕೊನೆಯ ಮಾತನ್ನು ಶಾಲೆ ನಡೆಸಿಯೂ ತೋರಿಸಬೇಕು. ಅಂಗಡಿ ಚಾರ್ಟಿಗೆ ಬಹುಮಾನ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಶಾಲೆಯಲ್ಲಿ ತಪ್ಪು ಒಪ್ಪಿ ಸರಿಮಾಡಿದ ಮಗುವಿಗೆ ಮನೆಯಲ್ಲಿ ಮತ್ತೆ ಏಟು ಬಿದ್ದರೆ ನಿಮ್ಮ ಇಡೀ ಕೆಲಸ ನೀರಿನಲ್ಲಿ ಹೋಮ. ಮನೆಗೆ ತಿಳಿಸಲೇಬೇಕಾದಾಗ ಹೀಗೆ ತಿಳಿಸಿ: ‘ಅಮ್ಮಾ, ಇವತ್ತು ಆಟದಲ್ಲಿ ನಿಮ್ಮ ಮಗನಿಂದ ಕಿಟಕಿ ಗಾಜು ಒಡೀತು. ತಾನೇ ಬಂದು ಹೇಳ್ದ. ಚೂರು ತೆಗೆಯೋವರೆಗೆ ಯಾರೂ ಆ ಕಡೆ ಹೋಗದ ಹಾಗೆ ನೋಡ್ಕೊಂಡ, ಆಮೇಲೆ ರಟ್ಟು ಕತ್ತರಿಸಿ ಕಿಟಕಿಗೆ ಕಟ್ಟಿದ. ಇಲ್ಲಿಗೆ ಮುಗೀತು, ನೀವು ಬೈಬೇಡಿ. ನಿಜ ಹೇಳಿದ್ದಕ್ಕೆ ಭೇಷ್ ಅನ್ನಿ.’ ಹತ್ತರಲ್ಲಿ ಒಂಬತ್ತು ತಾಯಂದಿರು ಅನ್ನುತ್ತಾರೆ.

ಮಗುವಿನ ಹೊಣೆ ಅಲ್ಲದ್ದು

ಕೆಲವನ್ನು ಮಗುವಿನ ತಲೆಗೆ ಕಟ್ಟುವುದು ಅನ್ಯಾಯ. ದಿನಾ ತಡವಾಗಿ ಬರುವ ಹುಡುಗಿ ಮನೆಯಲ್ಲಿ ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುತ್ತಿರಬಹುದು. ಹೋಂವರ್ಕ್ ಮಾಡದವನ ಮನೆಯಲ್ಲಿ ಕೂರಲು ಜಾಗವೇ ಇಲ್ಲದಿರಬಹುದು. ಬೋರ್ಡಿನಿಂದ ತಪ್ಪು ತಪ್ಪಾಗಿ ಬರೆದುಕೊಳ್ಳುವ ಮಗುವಿಗೆ ಕಣ್ಣು ಮಂಜಿರಬಹುದು. ಬೇರೆಯವರ ಡಬ್ಬಿಯಿಂದ ತಿಂಡಿ ತೆಗೆಯುವ ಮಗುವಿಗೆ ಮೊದಲು ಕೇಳಬೇಕಾದ ಪ್ರಶ್ನೆ ‘ಬೆಳಿಗ್ಗೆ ಏನು ತಿಂದೆ?’. ಇಂಥ ಕಡೆ ಸರಿಮಾಡುವ ಕೆಲಸ ದೊಡ್ಡವರದು: ಮನೆಗೆ ಹೋಗಿ ನೋಡುವುದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಮಾತಾಡುವುದು, ಹೋಂವರ್ಕನ್ನು ಶಾಲೆಯಲ್ಲೇ ಮುಗಿಸಲು ಅರ್ಧ ಗಂಟೆ ಕೊಡುವುದು, ಕಣ್ಣಿನ ತಪಾಸಣೆಗೆ ಕಳಿಸುವುದು.

ನಾಲ್ಕು ಪ್ರಶ್ನೆ ಕೇಳಿ, ಕೆಲಸ ಕೊಟ್ಟು, ತಿಂಗಳುಗಳು ಕಳೆದರೂ ಒಂದು ಮಗು ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿದ್ದರೆ ಬಿಗಿ ಹೆಚ್ಚಿಸಬೇಡಿ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾರ ಜೊತೆ ಇದ್ದಾಗ ಎಂದು ಒಂದೆರಡು ವಾರ ಬರೆದಿಟ್ಟು ನೋಡಿ. ಹೆಚ್ಚಾಗಿ ಒಂದು ಜಾಡು ಸಿಗುತ್ತದೆ. ಸೋಮವಾರಗಳಲ್ಲೇ ಹೊಡೆದಾಟವೆಂದರೆ ಭಾನುವಾರ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಬೇಕಾಗುತ್ತದೆ. ಮೈಮೇಲೆ ಗಾಯದ ಗುರುತು, ಮನೆಗೆ ಹೋಗಲು ವಿಪರೀತ ಹೆದರಿಕೆ ಕಂಡರೆ ಮಗುವನ್ನು ವಿಚಾರಿಸುತ್ತಾ ಕೂರದೆ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಕರೆ ಉಚಿತ, ದಿನದ ಯಾವ ಹೊತ್ತಿನಲ್ಲೂ ಮಾಡಬಹುದು. ಆ ನಂಬರನ್ನು ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ದಪ್ಪ ಅಕ್ಷರದಲ್ಲಿ, ನೀರು ಕುಡಿಯುವ ಜಾಗದ ಪಕ್ಕದ ಗೋಡೆಯ ಮೇಲೂ ಬರೆಸಿಡಿ.